ಗೀಸರಿಗೂ ಗೋಡೆಗೂ ನಡುವೆ



ಕಳೆದ ಮಾರ್ಗಶಿರದ ಒಂದು ಭಾನುವಾರ, ಬೆಳಿಗ್ಗೆ ಆರೂವರೆಗೆ ನಮ್ಮ ಬಚ್ಚಲಿನಿಂದ ಕೂಗು ಬಂತು. "ಏನ್ರೀ, ಸಜ್ಜಾದಿಂದ ನೀರು ತೊಟ್ಟಿಕ್ತಾ ಇದೆ, ಬನ್ನಿ ಇಲ್ಲಿ." ಹೋದೆ. ಸಜ್ಜಾದ ಅಂಚಿನಲ್ಲಿ ಹನಿಗಳು ಸಾಲುಗಟ್ಟಿ ನಿಂತಿದ್ದವು. ಬೆರಳಿಟ್ಟು ನೋಡಿದೆ, ಬೆಚ್ಚಗಿತ್ತು. ತಣ್ಣೀರಾಗಿದ್ದರೆ ತಾರಸಿಯ ಟ್ಯಾಂಕಿನ ಮೇಲೆ ಅನುಮಾನ ಪಡುತ್ತಿದ್ದೆ. ಬೆಚ್ಚನೆಯ ನೀರಿಗೆ ನಮ್ಮ ಮನೆಯಲ್ಲಿ ಒಂದೇ ವಿಳಾಸ. ಸಜ್ಜಾದ ಮೇಲೆ ಅಡ್ಡಡ್ಡ ಮಲಗಿರುವ 25 ಲೀಟರಿನ ಗೀಸರು.

ಎಂಸಿಬಿ ಕೆಳಗಿಳಿಸಿದೆ. ಬಚ್ಚಲಿನ ಸ್ವಿಚ್ ಆರಿಸಿದರೆ ಸಾಲದು, ಬೋರ್ಡಿನಲ್ಲಿ ಎಂಸಿಬಿಯನ್ನೇ ಇಳಿಸಬೇಕು. ಒದ್ದೆ ಗೀಸರಿನ ಹತ್ತಿರ ಕೈ ಚಾಚುವ ಮೊದಲು ಮಾಡಬೇಕಾದ ಕೆಲಸ ಇದೊಂದೇ, ಉಳಿದದ್ದೆಲ್ಲ ಆಮೇಲೆ. ಸ್ಟೂಲು ಹತ್ತಿ ಟಾರ್ಚ್ ಬಿಟ್ಟೆ. ಗೀಸರಿನ ಬಾಯಿಗಳೆರಡೂ ಎಡಗೋಡೆಯ ಕಡೆಗಿದ್ದವು. ತಣ್ಣೀರು ಒಳಹೋಗುವುದು ಒಂದು, ಬಿಸಿನೀರು ಹೊರಬರುವುದು ಇನ್ನೊಂದು. ಗೀಸರಿಗೂ ಗೋಡೆಗೂ ನಡುವೆ ಇದ್ದ ಜಾಗ ನಾಲ್ಕು ಬೆರಳು. ಹೆಬ್ಬೆರಳಿಗೆ ಅಲ್ಲಿ ಜಾಗವಿರಲಿಲ್ಲ. ಹೆಬ್ಬೆರಳಿಲ್ಲದ ಕೈಯಲ್ಲಿ ಏನನ್ನು ತಿರುಗಿಸುತ್ತೀರಿ? ಆ ಕಂದಕದ ತಳದಲ್ಲೆಲ್ಲೋ ಒಂದು ಎಲ್ಬೋ ಕೂತು ಅಳುತ್ತಿತ್ತು.

ನಮ್ಮ ಪ್ಲಂಬರು ಹನ್ನೊಂದಕ್ಕೆ ಬಂದರು. ಮೇಲೆ ಹತ್ತಿ ನೋಡಿ, ಜಗತ್ತಿನ ಎಲ್ಲ ಪ್ಲಂಬರುಗಳೂ ಆಡುವ ಮೊದಲ ಮಾತನ್ನೇ ಆಡಿದರು: "ಯಾರು ಸಾರ್ ಇದನ್ನ ಕೂರ್ಸಿದ್ದು?"

"ನೀವೇ ಕಣ್ರೀ" ಎಂದೆ.

ಅವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ನೆನಪಾಯಿತು. "ಇಲ್ಲ ಸಾರ್, ನಾನು ಕೂರ್ಸಿದ್ದು 15 ಲೀಟರ್‌ದು. ಆವಾಗ ಇಲ್ಲಿ ಒಂದು ಅಡಿ ಜಾಗ ಇತ್ತು. ಮಗಳ ಬಾಣಂತನಕ್ಕೆ ಅಂತ ನೀವು 25 ಮಾಡಿಸ್ಕೊಂಡ್ರಿ. ಅದು ಉದ್ದ ಬಂತು."

ಮಾತು ನಿಜ. ಬಾಣಂತಿಗೂ ಮಗುವಿಗೂ ನೀರು ಸಾಲದೆಂದು ಗೀಸರು ದೊಡ್ಡದಾಯಿತು. ಎಷ್ಟು ಲೀಟರ್ ಎಂದು ಕೇಳಿದೆವು, ಎಷ್ಟು ಸ್ಟಾರ್ ಎಂದು ಕೇಳಿದೆವು, ಬಣ್ಣ ಟೈಲ್ಸಿಗೆ ಹೊಂದುತ್ತದೆಯೇ ಎಂದು ಕೂಡ ಕೇಳಿದೆವು. ಎಷ್ಟು ಉದ್ದ ಎಂದು ಕೇಳಲಿಲ್ಲ. ಬಾಣಂತನ ಮುಗಿದು ಮಗು ಶಾಲೆಗೆ ಹೋಗುತ್ತಿದೆ. ನಾಲ್ಕು ಬೆರಳಿನ ಸಂದು ಮಾತ್ರ ಹಾಗೇ ಉಳಿದಿದೆ.

ಈಗ ಆ ಸಂದಿಯಲ್ಲಿ ಕೆಲಸ ಹೇಗೆ ನಡೆಯಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅವರು ಮೊದಲು ಚೀಲದಿಂದ ತೆಗೆದದ್ದು ಮೊಬೈಲು. ವಿಡಿಯೋ ಹಾಕಿ, ಟಾರ್ಚ್ ಹೊತ್ತಿಸಿ, ಆ ಕಂದಕದೊಳಗೆ ನಿಧಾನವಾಗಿ ಇಳಿಸಿ ಹೊರತೆಗೆದರು. ಮೊದಲೆಲ್ಲ ಇದಕ್ಕೆ ಕ್ಷೌರದ ಕನ್ನಡಿ ಬಳಸುತ್ತಿದ್ದರಂತೆ. ವಿಡಿಯೋದಲ್ಲಿ ಕಂಡದ್ದು ಇಷ್ಟು: ಗೀಸರಿನ ಬಾಯಿಂದ ಹೊರಟ ಲೋಹದ ನಿಪ್ಪಲ್, ಅದರ ಮೇಲೆ ಕೂರಿಸಿದ ಪ್ಲಾಸ್ಟಿಕ್ಕಿನ ಎಫ್‌ಟಿಎ, ಅಂದರೆ ಒಳಗಡೆ ಮರೆ ಇರುವ ಜೋಡಣೆ. ಅಲ್ಲಿಂದ ಗೇಣುದ್ದವೂ ಇಲ್ಲದ, ಸಿಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಪೈಪು, ಎಲ್ಬೋ, ಮತ್ತೆ ಕೆಳಗಿಳಿದು ಗೋಡೆಯೊಳಗೆ ಮಾಯ. ಎಲ್ಬೋ ಪಾಪ ನಿರಪರಾಧಿ. ಎಫ್‌ಟಿಎ ಉದ್ದಕ್ಕೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ನೀರು ಅಲ್ಲಿ ಹೊರಟು, ಪೈಪಿನ ಬೆನ್ನ ಮೇಲೆ ಹರಿದು, ಎಲ್ಬೋದಿಂದ ತೊಟ್ಟಿಕ್ಕುತ್ತಿತ್ತು. ನೀರು ಬೀಳುವ ಜಾಗ ಒಂದು, ಸೋರುವ ಜಾಗ ಇನ್ನೊಂದು.

ಅದನ್ನು ಬಿಚ್ಚಬೇಕಾದರೆ ಪೈಪ್ ರೆಂಚ್ ಬೇಕು. ನಮ್ಮವರ ಬಾಯಲ್ಲಿ ಅದು ರಿಂಚು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ವಾಲ್‌ವರ್ತ್ ಎಂಬ ಕಾರ್ಖಾನೆಯ ಕೆಲಸಗಾರ ಡೇನಿಯಲ್ ಸ್ಟಿಲ್ಸನ್ 1869ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಚಳಿಗಾಲದಲ್ಲಿ ಕಟ್ಟಡಗಳನ್ನು ಬೆಚ್ಚಗಿಡುವ ಉಗಿ ಕೊಳವೆಗಳ ಕೆಲಸದಲ್ಲೇ ಆ ಕಾರ್ಖಾನೆ ಬೆಳೆದದ್ದು. ಗುಂಡಗಿನ ಪೈಪನ್ನು ಹಿಡಿದು ಎಳೆದಷ್ಟೂ ದವಡೆ ಬಿಗಿಯಾಗುವ ಹಾಗೆ ಅವನು ಅದನ್ನು ಮಾಡಿದ. ಒಂದೂವರೆ ಶತಮಾನ ಕಳೆದರೂ ಆಕಾರ ಬದಲಾಗಿಲ್ಲ. ಆದರೆ ರಿಂಚಿನ ಹಿಡಿ ಬೀಸಲು ಜಾಗ ಬೇಕು, 14 ಇಂಚಿನ ರಿಂಚಿಗೆ ಮೊಳದಷ್ಟು. ನಮ್ಮಲ್ಲಿದ್ದದ್ದು ನಾಲ್ಕು ಬೆರಳು.

ಆಗ ಹೊರಬಂದದ್ದು ಸಾಧಾರಣ ಬಾಯಿ ತೆರೆದ ಸ್ಪ್ಯಾನರು. ಅದರ ತಲೆ ಹಿಡಿಗೆ ನೆಟ್ಟಗಿರದೆ ಸ್ವಲ್ಪ ವಾಲಿರುವುದನ್ನು ನೀವು ನೋಡಿರಬಹುದು. ಅಚ್ಚು ತಪ್ಪಿ ಹಾಗಾಗಿದೆ ಎಂದು ಬಹಳ ಕಾಲ ನಾನು ತಿಳಿದಿದ್ದೆ. ಆ ವಾಲುವಿಕೆ 15 ಡಿಗ್ರಿ, ಬೇಕೆಂದೇ ಇಟ್ಟದ್ದು. ಆರು ಮೂಲೆಯ ನಟ್ಟನ್ನು ಒಂದು ಸಲ ತಿರುಗಿಸಿ, ಸ್ಪ್ಯಾನರನ್ನು ಮಗುಚಿ ಹಾಕಿ ಮತ್ತೆ ಹಿಡಿದರೆ, 30 ಡಿಗ್ರಿಯಷ್ಟು ಜಾಗವಿದ್ದರೂ ನಟ್ಟು ಸುತ್ತುತ್ತಾ ಹೋಗುತ್ತದೆ. ಮಗುಚಿ ಹಿಡಿಯುವುದು ಗೊತ್ತಿಲ್ಲದವರು ಜಾಗ ಸಾಲದು ಎಂದು ಗೋಡೆ ಒಡೆಸುತ್ತಾರೆ.

ನಮ್ಮಲ್ಲಿ ಅದಕ್ಕೂ ಮೊದಲು ಇನ್ನೊಂದು ತೊಡಕಿತ್ತು. ಎಫ್‌ಟಿಎ ತಿರುಗಬೇಕಾದರೆ ಅದಕ್ಕೆ ಅಂಟಿದ ಪೈಪು, ಎಲ್ಬೋ ಎಲ್ಲ ಜೊತೆಗೇ ತಿರುಗಬೇಕು. ಎಲ್ಬೋದ ಇನ್ನೊಂದು ಕಾಲು ಗೋಡೆಯಲ್ಲಿ ಹೂತಿದೆ. ಪೈಪನ್ನು ಕತ್ತರಿಸದೆ ವಿಧಿಯಿಲ್ಲ. ಕತ್ತರಿಸಲು ಹ್ಯಾಕ್ಸಾ ಚೌಕಟ್ಟು ಒಳಗೆ ಹೋಗದು. ಬರೀ ಬ್ಲೇಡಿಗೆ ಒಂದು ತುದಿಯಲ್ಲಿ ಬಟ್ಟೆ ಸುತ್ತಿ ನೋಡಿದರು, ಅದು ಆಡಲೂ ಜಾಗವಿಲ್ಲ. "ಲೇ ಮಗಾ, ದಾರ ಕೊಡೋ" ಎಂದು ಜೊತೆಯ ಹುಡುಗನಿಗೆ ಹೇಳಿದರು. ಗಟ್ಟಿ ನೈಲಾನ್ ದಾರ. ಅದನ್ನು ಪೈಪಿನ ಹಿಂದಿನಿಂದ ಬಳಸಿ ಎರಡು ತುದಿಯನ್ನೂ ಮುಂದಕ್ಕೆ ತಂದು, ಮಜ್ಜಿಗೆ ಕಡೆಯುವವರ ಹಾಗೆ ಒಂದು ಕೈ ಎಳೆದು ಒಂದು ಕೈ ಬಿಟ್ಟು ಸರಸರ ಎಳೆಯತೊಡಗಿದರು. ಉಜ್ಜಿದ ಬಿಸಿಗೆ ಪ್ಲಾಸ್ಟಿಕ್ ಕರಗಿ ದಾರ ಒಳಕ್ಕಿಳಿಯಿತು. ಸುಟ್ಟ ವಾಸನೆ, ತೆಳ್ಳಗೆ ಹೊಗೆ, ಮತ್ತೆ ಟಪ್ಪೆಂದು ಪೈಪು ಎರಡಾಯಿತು. ಎರಡು ನಿಮಿಷ ಹಿಡಿಯಿತೋ ಇಲ್ಲವೋ. ರಿಂಚು, ಹ್ಯಾಕ್ಸಾ ಎಲ್ಲ ಸೋತ ಕಡೆ ಗೆದ್ದದ್ದು ಒಂದು ದಾರ. ನಮ್ಮಜ್ಜಿ ಇದ್ದಿದ್ದರೆ, ಕಡೆಗೋಲಿನ ಹಗ್ಗಕ್ಕೆ ಇಷ್ಟೊಂದು ವಿದ್ಯೆ ಇದೆಯೇ ಎಂದು ಬೆರಗಾಗುತ್ತಿದ್ದಳು.

ಎರಡು ಕಡೆ ಹಾಗೆ ಕೊಯ್ದ ಮೇಲೆ ಎಫ್‌ಟಿಎ ಒಂಟಿಯಾಯಿತು. ಸ್ಪ್ಯಾನರು ಮಗುಚಿ ಮಗುಚಿ ಅದನ್ನು ಹೊರತೆಗೆದರು.

ಅದು ಬಿರಿದದ್ದೇಕೆ? ನನ್ನ ಅಂಗೈಯಲ್ಲಿಟ್ಟು ತೋರಿಸಿದರು. ಲೋಹದ ನಿಪ್ಪಲ್ಲಿನ ಮರೆ ಬೆಣೆಯ ಹಾಗೆ ತುದಿಯಲ್ಲಿ ಸಣ್ಣ, ಹಿಂದೆ ದಪ್ಪ. ಪ್ರತಿ 16 ಅಳತೆಗೆ ಒಂದು ಅಳತೆ ದಪ್ಪವಾಗುತ್ತಾ ಹೋಗುತ್ತದೆ. ಹಾಗಿದ್ದರೇ ಬಿಗಿಯಾಗಿ ಕೂರುವುದು. ಕಬ್ಬಿಣಕ್ಕೆ ಕಬ್ಬಿಣ ಸೇರಿದಾಗ ಇದು ಗುಣ. ಪ್ಲಾಸ್ಟಿಕ್ಕಿನೊಳಗೆ ಲೋಹವನ್ನು ಹೀಗೆ ಬಲವಾಗಿ ತಿರುವಿದರೆ ಕಟ್ಟಿಗೆಯೊಳಗೆ ಬೆಣೆ ಬಡಿದಂತೆ. ಅವತ್ತೇ ಸೀಳುವುದಿಲ್ಲ. ದಿನಾ ಬಿಸಿಯಾಗಿ ತಣ್ಣಗಾಗಿ ಎರಡು ಮೂರು ವರ್ಷದಲ್ಲಿ ಸೀಳುತ್ತದೆ. ಇದರ ಜೊತೆಗೆ ಸಿಪಿವಿಸಿ ಬಿಸಿಗೆ ಹಿಗ್ಗುವುದೂ ಬಹಳ. 10 ಮೀಟರ್ ಕಬ್ಬಿಣದ ಪೈಪು 40 ಡಿಗ್ರಿ ಬಿಸಿಯೇರಿದರೆ ಸುಮಾರು 5 ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟೇ ಉದ್ದದ ಸಿಪಿವಿಸಿ ಒಂದು ಇಂಚು ಬೆಳೆಯುತ್ತದೆ. ಎರಡು ಗೋಡೆಗಳ ನಡುವೆ ಅಲುಗದಂತೆ ಗಾರೆ ಮೆತ್ತಿ ಬಂಧಿಸಿಟ್ಟರೆ ಆ ಒಂದು ಇಂಚು ಎಲ್ಲಿಗೆ ಹೋಗಬೇಕು? ಅಶಕ್ತವಾದ ಜೋಡಣೆಯನ್ನು ಹುಡುಕಿಕೊಂಡು ಹೋಗಿ ಅಲ್ಲಿ ತಳ್ಳುತ್ತದೆ. ಆ ಅಶಕ್ತ ಜೋಡಣೆ ಸಾಮಾನ್ಯವಾಗಿ ನಮ್ಮ ಕೈ ಹೋಗದ ಕಡೆಯೇ ಇರುತ್ತದೆ. ಕೈ ಹೋಗದ ಕಡೆ ಕೆಲಸ ಮಾಡಿದವನಿಗೂ ಕೈ ಸರಿಯಾಗಿ ಹೋಗಿರುವುದಿಲ್ಲವಲ್ಲ!

ಹಳೆಯ ಬಚ್ಚಲುಮನೆ ನೆನಪಾಗುವುದು ಇಲ್ಲಿಯೇ. ಒಲೆಯ ಮೇಲೆ ಗಾರೆಯಲ್ಲಿ ಕೂರಿಸಿದ ತಾಮ್ರದ ಹಂಡೆ. ಮಲೆನಾಡಿನಲ್ಲಿ ಇವತ್ತಿಗೂ ಅಡಿಕೆ ಸಿಪ್ಪೆ ಹಾಕಿ ಕಾಯಿಸುವ ಮನೆಗಳಿವೆ. ಹೊಗೆ, ಮಸಿ, ಕಣ್ಣುರಿ ಎಲ್ಲ ಉಂಟು. ಅದನ್ನು ಹೊಗಳಿ ಹಾಡುವ ಆಸೆ ನನಗಿಲ್ಲ. ಊದುಗೊಳವೆ ಹಿಡಿದು ಕೂತವರ ಕಣ್ಣು ಕೇಳಿದರೆ ಹಂಡೆಯ ಕಥೆ ಬೇರೆಯೇ ಇರುತ್ತದೆ. ಆದರೆ ಹಂಡೆಯಲ್ಲಿ ಬಿಚ್ಚಲಾರದ ಒಂದು ಜೋಡಣೆಯೂ ಇರಲಿಲ್ಲ. ಅದರ ಬಾಯಿಗೆ ಮೊಳಕೈವರೆಗೆ ಕೈ ಹೋಗುತ್ತಿತ್ತು. ದೀಪಾವಳಿಯ ಹಿಂದಿನ ತ್ರಯೋದಶಿ ನೀರು ತುಂಬುವ ಹಬ್ಬ. ಅವತ್ತು ಹಂಡೆಯ ನೀರೆಲ್ಲ ಚೆಲ್ಲಿ, ಒಳಗೆ ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು, ಹೊಸ ನೀರು ತುಂಬಿ, ಕೆಮ್ಮಣ್ಣು ಸುಣ್ಣದ ಪಟ್ಟೆ ಎಳೆದು, ಕತ್ತಿಗೆ ಬಳ್ಳಿ ಸುತ್ತಿ ಪೂಜೆ. ಹುಣಸೆಯ ಹುಳಿ ತಾಮ್ರದ ಕಿಲುಬನ್ನೂ ತೆಗೆಯುತ್ತದೆ, ನೀರಿನಿಂದ ಕಟ್ಟಿದ ಸುಣ್ಣವನ್ನೂ ಕರಗಿಸುತ್ತದೆ. ವರ್ಷಕ್ಕೊಮ್ಮೆ ಬಿಸಿನೀರಿನ ವ್ಯವಸ್ಥೆಯನ್ನು ಬಿಚ್ಚಿ ಸರ್ವಿಸ್ ಮಾಡುವುದನ್ನು ಪಂಚಾಂಗದಲ್ಲೇ ಬರೆದಿಟ್ಟ ಹಾಗೆ.

ಗೀಸರಿನೊಳಗೂ ಅದೇ ಸುಣ್ಣ ಕಟ್ಟುತ್ತದೆ. ಬೋರ್ ನೀರಾದರೆ ಇನ್ನೂ ಬೇಗ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ. ಗಡಸು ನೀರಿನ ಸುಣ್ಣದ ಸ್ವಭಾವ ತಿರುವುಮುರುವು: ಕಾದಷ್ಟೂ ನೀರನ್ನು ಬಿಟ್ಟು ತೊಟ್ಟಿಯ ಗೋಡೆಗೆ, ಕಾಯಿಸುವ ಕಾಯಿಲ್‌ಗೆ ಅಂಟುತ್ತದೆ. ತೊಟ್ಟಿ ತುಕ್ಕು ಹಿಡಿಯದಿರಲಿ ಎಂದು ಗೀಸರಿನೊಳಗೆ ಮೆಗ್ನೀಷಿಯಂ ಸರಳೊಂದನ್ನು ಇಟ್ಟಿರುತ್ತಾರೆ. ತೊಟ್ಟಿಯ ಉಕ್ಕಿನ ಬದಲು ತಾನು ಸವೆದು ಹೋಗುವುದೇ ಅದರ ಕೆಲಸ. ಸವೆದ ಮೇಲೆ ಬದಲಾಯಿಸಬೇಕು. ಆ ಸರಳು ಹೊರಬರುವುದು ಪಕ್ಕದ ಮುಚ್ಚಳದ ಕಡೆಯಿಂದ. ಅದನ್ನು ಎಳೆಯಲು ಅದರ ಉದ್ದದಷ್ಟಾದರೂ ಜಾಗ ಬೇಕು. ನಮ್ಮ ಗೀಸರಿನಲ್ಲಿ ಆ ಕಡೆಯೂ ನಾಲ್ಕು ಬೆರಳೇ. ಅಂದರೆ ಸರಳು ಬದಲಾಯಿಸಬೇಕಾದರೆ ನೀರು ಖಾಲಿ ಮಾಡಿ ಇಡೀ ಗೀಸರನ್ನೇ ಕೊಕ್ಕೆಯಿಂದ ಇಳಿಸಬೇಕು. ಇಳಿಸುವವರು ಯಾರೂ ಇಲ್ಲ. ತೊಟ್ಟಿ ತೂತು ಬಿದ್ದ ದಿನ ಹೊಸ ಗೀಸರು ತರುತ್ತೇವೆ.

ನಮ್ಮ ಸಜ್ಜಾದ ಕಥೆಗೆ ಬರೋಣ. ಗೋಡೆಯಿಂದ ಬರುವ ಪೈಪಿನ ತುದಿಯನ್ನು ಅವರು ಉಪ್ಪುಕಾಗದದಿಂದ ಉಜ್ಜಿ, ಒಣಬಟ್ಟೆಯಿಂದ ಒರೆಸಿದರು. ಒಳಗಿಂದ ಇನ್ನೂ ಹನಿ ಬರುತ್ತಲೇ ಇತ್ತು. ತಾರಸಿಯ ಗೇಟ್ ವಾಲ್ವ್ ಪೂರ್ತಿ ಮುಚ್ಚಿದರೂ ಮುಚ್ಚಿರಲಿಲ್ಲ. ವರ್ಷಗಟ್ಟಲೆ ಯಾರೂ ತಿರುಗಿಸದ ಗೇಟ್ ವಾಲ್ವಿನೊಳಗೆ ಕಸ, ಸುಣ್ಣ ಸೇರಿ ತಗಡು ತಳಕ್ಕೆ ಕೂರುವುದಿಲ್ಲ. ಒದ್ದೆ ಪೈಪಿಗೆ ಅಂಟಿಸುವ ಸಲ್ಯೂಷನ್ ಹಿಡಿಯುವುದಿಲ್ಲ. ಕೊನೆಗೆ ಟ್ಯಾಂಕನ್ನೇ ಖಾಲಿ ಮಾಡಿದೆವು. ಬೀದಿಗೆ ಹರಿದ ಆ ನೀರನ್ನು ನೋಡಿ ಎದುರುಮನೆಯವರು ಏನಂದುಕೊಂಡರೋ. ಆಮೇಲೆ ಸಲ್ಯೂಷನ್ ಹಚ್ಚಿ, ಒಳತಳ್ಳಿ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಅದುಮಿ ಹಿಡಿದರು. ಹೊರಗಡೆ ಹಿತ್ತಾಳೆ ಮರೆಯಿರುವ ಎಂಟಿಎ ಒಂದನ್ನು ಅಲ್ಲಿ ಕೂರಿಸಿ, ಅದರಿಂದ ಗೀಸರಿನ ಬಾಯಿಗೆ ಬಿಸಿನೀರು ತಡೆಯುವ, ಉಕ್ಕಿನ ಹೆಣಿಗೆಯ ಕನೆಕ್ಷನ್ ಪೈಪು ಹಾಕಿದರು. ಗೀಸರಿನ ಬಾಯಿಗೆ ನೇರವಾಗಿ ಪ್ಲಾಸ್ಟಿಕ್ ಕೂರಿಸಲೇಬಾರದು. ಸಿಪಿವಿಸಿ ತಡೆಯುವುದು 93 ಡಿಗ್ರಿಯವರೆಗೆ. ಥರ್ಮೋಸ್ಟಾಟ್ ಕೈಕೊಟ್ಟ ದಿನ ಗೀಸರು ಅಲ್ಲಿಗೇ ನಿಲ್ಲುತ್ತದೆಂಬ ಖಾತರಿ ಇಲ್ಲ.

"ಸಂಜೆವರೆಗೂ ನೀರು ಬಿಡ್ಬೇಡಿ ಸಾರ್" ಎಂದರು. ಹೋಗುವ ಮೊದಲು ಸಜ್ಜಾದ ಕೆಳಗೆ, ನಿಂತವರ ಕೈಗೆ ಎಟಕುವ ಕಡೆ, ಒಂದು ಬಾಲ್ ವಾಲ್ವ್ ಮತ್ತು ಒಂದು ಯೂನಿಯನ್ ಹಾಕಿಕೊಟ್ಟರು. ಯೂನಿಯನ್ ಎಂದರೆ ಮೂರು ತುಂಡಿನ ಜೋಡಣೆ. ನಡುವಿನ ದೊಡ್ಡ ನಟ್ಟು ಬಿಚ್ಚಿದರೆ ಆ ಕಡೆಯ ಪೈಪೂ ತಿರುಗುವುದಿಲ್ಲ, ಈ ಕಡೆಯದೂ ತಿರುಗುವುದಿಲ್ಲ, ಲೈನು ಮಾತ್ರ ಬೇರೆಯಾಗುತ್ತದೆ. ಬೆಲೆ ಒಂದು ಮಸಾಲೆದೋಸೆ, ಒಂದು ಕಾಫಿಯಷ್ಟು. ಮನೆ ಕಟ್ಟುವಾಗ ಯಾರೂ ಅದನ್ನು ಕೇಳುವುದಿಲ್ಲ, ಏಕೆಂದರೆ ಹೊಸ ಮನೆಯಲ್ಲಿ ಯಾವುದನ್ನೂ ಬಿಚ್ಚುವ ಯೋಚನೆಯೇ ಬರುವುದಿಲ್ಲ. ನಲ್ಲಿ ಎಲ್ಲಿ, ಕನ್ನಡಿ ಎಲ್ಲಿ ಎಂದು ನಕ್ಷೆಯಲ್ಲಿ ಬರೆಯುತ್ತಾರೆ. ಸ್ಪ್ಯಾನರು ಆಡಲು ಎಷ್ಟು ಜಾಗ ಎಂದು ಬರೆದ ನಕ್ಷೆಯನ್ನು ನಾನಂತೂ ಕಂಡಿಲ್ಲ.

ಬಿಚ್ಚಲು ಹೋಗಿ ಕೆಡಿಸಿದ ಕಥೆಯೂ ಒಂದಿದೆ. ನಮ್ಮ ಬೀದಿಯಲ್ಲೇ ಒಬ್ಬರ ಮನೆಯಲ್ಲಿ ಹಳೆಯ ಕಬ್ಬಿಣದ ಜಿಐ ಪೈಪು. ಗೋಡೆಯೊಳಗಿನ ನಿಪ್ಪಲ್ ತುಕ್ಕು ಹಿಡಿದು ಕೂತಿತ್ತು. ಬಂದ ಹುಡುಗನೊಬ್ಬ ಒಂದೇ ರಿಂಚು ಹಾಕಿ ಜಗ್ಗಿದ. ಹೊರಗಿನದು ಬಿಚ್ಚಲಿಲ್ಲ, ಗೋಡೆಯೊಳಗೆ ಎರಡಡಿ ಆಚೆಯ ಸಾಕೆಟ್ಟಿನಲ್ಲಿ ಮರೆ ಮುರಿಯಿತು. ಯಾವಾಗಲೂ ಎರಡು ರಿಂಚು ಬೇಕು. ಒಂದು ಒಳಗಿನದನ್ನು ಅಲುಗದಂತೆ ಹಿಡಿಯಲು, ಇನ್ನೊಂದು ತಿರುಗಿಸಲು. ಹಿಂದಿನ ರಾತ್ರಿ ಒಂದಿಷ್ಟು ಸೀಮೆಎಣ್ಣೆ ಬಿಟ್ಟು, ಬೆಳಿಗ್ಗೆ ಮೊದಲು ಕೂದಲಷ್ಟು ಬಿಗಿ ಮಾಡಿ ತುಕ್ಕು ಒಡೆದ ಮೇಲೆ ಸಡಿಲಿಸಬೇಕು. ಇಷ್ಟು ತಾಳ್ಮೆ ಇದ್ದಿದ್ದರೆ ಆ ಮನೆಯವರಿಗೆ ಎಂಟು ಟೈಲ್ಸ್ ಉಳಿಯುತ್ತಿತ್ತು. ಅದೇ ಟೈಲ್ಸ್ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಬಚ್ಚಲಿನ ಗೋಡೆಯಲ್ಲಿ ಬೇರೆ ಬಣ್ಣದ ತೇಪೆ ಇವತ್ತಿಗೂ ಇದೆ.

ತಾರಸಿಯ ಸೋಲಾರಿನ ಮಾತೂ ಒಂದಿಷ್ಟು ಇದೆ. 2007ರಲ್ಲಿ ನಮ್ಮ ರಾಜ್ಯ ಸರ್ಕಾರ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಹಾಕಿಸಿದವರಿಗೆ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿಯನ್ನೂ ಕೊಟ್ಟರು. ಸೋಲಾರು ಬಯಲಲ್ಲೇ ಇರುವುದರಿಂದ ಕೈಗೆ ಎಟಕುತ್ತದೆ, ಸರಿ. ಅಲ್ಲಿಂದ ಕೆಳಗಿಳಿಯುವ ಪೈಪಿನದೇ ಕಷ್ಟ. ಕಿಟಕಿ ತಪ್ಪಿಸಲೆಂದು ಒಂದು ಕಡೆ ಮೇಲೇರಿ ಇಳಿದರೆ ಆ ಡುಬ್ಬದಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಟ್ಯಾಂಕಿನಲ್ಲಿ ಕುದಿನೀರು, ನಲ್ಲಿಯಲ್ಲಿ ಬರೀ ಉಸ್ಸೆನ್ನುವ ಸದ್ದು. ಇನ್ನು ತಾರಸಿಯಿಂದ ನೆಲಮಹಡಿಗೆ 15 ಮೀಟರ್ ಮುಕ್ಕಾಲು ಇಂಚಿನ ಪೈಪು ಇದ್ದರೆ, ಬಿಸಿನೀರು ಬರುವ ಮೊದಲು ನಾಲ್ಕೈದು ಲೀಟರ್ ತಣ್ಣೀರು ಚೆಲ್ಲಬೇಕು. ಗಿಡಕ್ಕೆ ಹಾಕಿ.

ಒಂದು ಎಚ್ಚರಿಕೆಯ ಮಾತು ಬಾಕಿ ಇದೆ. 25 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಸುಮಾರು 380 ಮಿಲಿಲೀಟರ್ ಹಿಗ್ಗುತ್ತದೆ. ಎರಡು ಲೋಟ ಮಜ್ಜಿಗೆಯಷ್ಟು. ತಣ್ಣೀರಿನ ಬಾಯಲ್ಲಿ ಎನ್‌ಆರ್‌ವಿ, ಅಂದರೆ ನೀರನ್ನು ಹಿಂದಕ್ಕೆ ಬಿಡದ ವಾಲ್ವ್, ಇದ್ದರೆ ಹಿಗ್ಗಿದ ನೀರು ಹಿಂದಕ್ಕೆ ಹೋಗಲಾರದು. ಸೇಫ್ಟಿ ವಾಲ್ವಿನಿಂದ ಹನಿಹನಿಯಾಗಿ ಹೊರಬರುತ್ತದೆ. ಗೀಸರು ಕಾಯುವಾಗ ಮಾತ್ರ ತೊಟ್ಟಿಕ್ಕಿ, ಆರಿಸಿದ ಮೇಲೆ ನಿಂತರೆ ಅದು ಸೋರಿಕೆಯಲ್ಲ, ವಾಲ್ವ್ ತನ್ನ ಕೆಲಸ ಮಾಡುತ್ತಿದೆ. ಕೈ ಹೋಗದ ಸಂದಿಯಲ್ಲಿ ತೊಟ್ಟಿಕ್ಕುತ್ತದೆ, ಸಜ್ಜಾ ಒದ್ದೆಯಾಗುತ್ತದೆ ಎಂದು ಆ ವಾಲ್ವಿನ ಬಾಯಿಗೆ ಪ್ಲಗ್ ಹಾಕಿಸಿದ ಮನೆಗಳನ್ನು ನಾನೇ ನೋಡಿದ್ದೇನೆ. ಥರ್ಮೋಸ್ಟಾಟ್ ಕೆಟ್ಟ ದಿನ ಆ ಗೀಸರು ಬಾಂಬು. ಪ್ಲಗ್ ಹಾಕಬೇಡಿ. ಒಂದು ತೆಳು ಪೈಪು ಸಿಕ್ಕಿಸಿ ಬಚ್ಚಲಿನ ನೆಲಕ್ಕೆ ಬಿಡಿ, ಸಾಕು.

ಮನೆ ಕಟ್ಟಿಸುತ್ತಿರುವವರು ಗಾರೆ ಮೆತ್ತುವ ಮುಂಚಿನ ದಿನ ಗೋಡೆಯ ಪೈಪುಗಳ ಪಕ್ಕ ಟೇಪು ಹಿಡಿದು ಫೋಟೋ ತೆಗೆದಿಡಿ. ಪ್ಲಂಬರನ್ನು ಕರೆದು, ಇದನ್ನು ನಾಳೆ ಬಿಚ್ಚುವುದಾದರೆ ಹೇಗೆ ಬಿಚ್ಚುತ್ತೀರಿ ಎಂದು ಕೇಳಿ. ಕೈ ಚಾಚಿ ತೋರಿಸಲಿ. ಕಟ್ಟಿಸಿ ಆದವರು, ಈ ಸಲದ ನೀರು ತುಂಬುವ ಹಬ್ಬಕ್ಕೆ ಮೊದಲಿನ ಭಾನುವಾರ ಎಂಸಿಬಿ ಇಳಿಸಿ, ಸ್ಟೂಲು ಹಾಕಿಕೊಂಡು, ಮೊಬೈಲಿನ ಟಾರ್ಚ್ ಹೊತ್ತಿಸಿ ನಿಮ್ಮ ಗೀಸರಿನ ಪಕ್ಕದಲ್ಲಿ ಒಮ್ಮೆ ಇಣುಕಿ ನೋಡಿ. ಸ್ಟೂಲನ್ನು ಯಾರಾದರೂ ಹಿಡಿದುಕೊಂಡಿರಲಿ.